ಗಾಡಿಯ ಮುಂಗಾಲು

ಮೋಟಾರ್ ಸೈಕಲ್ಲಿನ ಮುಂದಿನ ಶಾಕಪ್ಪನ್ನು ಮನೆಯಲ್ಲೇ ಬಿಚ್ಚಿ ಜೋಡಿಸಬಹುದು ಎಂದು ಫೋನಿನಲ್ಲಿ ವಿಡಿಯೊ ಮಾಡಿ ಹಾಕಿದ ಆ ಮಹಾನುಭಾವ ಆವತ್ತು ನನ್ನ ಕೈಗೆ ಸಿಕ್ಕಿದ್ದರೆ ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ಎಲ್ಲಿಗೆ ಬೀಳುತ್ತಿತ್ತೋ ಹೇಳಲಾರೆ. ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿಯುವ ವಿಡಿಯೊ. ಅವನ ಬೋಲ್ಟುಗಳಿಗೆ ತುಕ್ಕಿಲ್ಲ. ಅವನ ಅಂಗಿಗೆ ಎಣ್ಣೆ ಹತ್ತುವುದಿಲ್ಲ. ಅವನ ಹೆಂಡತಿ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು, "ಶಹಾಬಾದಿ ಕಲ್ಲಿನ ಮ್ಯಾಲ ಎಣ್ಣಿ ಬಿತ್ತಂದ್ರ ಹೋಗಂಗಿಲ್ಲ, ನೆನಪಿರ್ಲಿ" ಎನ್ನುವುದಿಲ್ಲ. ಎಲ್ಲ ಮುಗಿದ ಮೇಲೆ ಅವನು ಹ್ಯಾಂಡಲ್ ಹಿಡಿದು ಗಾಡಿಯನ್ನು ಒತ್ತಿ ತೋರಿಸಿ, ಇಷ್ಟೇ ಕೆಲಸ ಎಂದು ಕೈ ಮುಗಿಯುತ್ತಾನೆ. ಆ ಇಷ್ಟೇ ಕೆಲಸವನ್ನು ನಾನು ರಾಯಚೂರಿನ ಬಿಸಿಲಲ್ಲಿ, ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಒಂದಲ್ಲ ಎರಡು ಸಲ ಮಾಡಿದೆ.

ಗಾಡಿಯ ಗೊಡವೆಗೆ ಹೋಗದ ಪುಣ್ಯವಂತರಿಗಾಗಿ ಒಂದು ಮಾತು. ಹ್ಯಾಂಡಲಿನಿಂದ ಮುಂದಿನ ಗಾಲಿಯವರೆಗೆ ಎರಡು ಕಂಬ ಇಳಿದಿರುತ್ತವಲ್ಲ, ಅವೇ ಶಾಕಪ್ಪು. ಮೇಲಿನರ್ಧ ಕನ್ನಡಿಯಂತೆ ಹೊಳೆಯುವ ಉಕ್ಕಿನ ಪೈಪು, ಕೆಳಗಿನರ್ಧ ದಪ್ಪನೆಯ ಕೊಳವೆ. ಗುಂಡಿ ಬಂದಾಗ ಪೈಪು ಕೊಳವೆಯೊಳಗೆ ಇಳಿದು ಮತ್ತೆ ಏಳುತ್ತದೆ. ಒಳಗೆ ಒಂದು ಸ್ಪ್ರಿಂಗು, ಒಂದಿಷ್ಟು ಎಣ್ಣೆ. ಆ ಎಣ್ಣೆ ಹೊರಗೆ ಬರಬಾರದೆಂದು ಕೊಳವೆಯ ಬಾಯಿಗೆ ಬಳೆಯಂಥ ರಬ್ಬರ್ ಸೀಲು. ನನ್ನ ಬದುಕಿನ ಆರು ತಿಂಗಳ ನೆಮ್ಮದಿ ಹಾಳಾದದ್ದು ಆ ಬಳೆಯ ಸುತ್ತಲೇ.

ನಾನು ಮಾನ್ವಿಯ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಸುತ್ತಲಿನ ಹಳ್ಳಿಯವರು ಡಾಕ್ಟ್ರೇ ಎಂದೇ ಕರೆಯುತ್ತಾರೆ. ನಿಜವಾದ ಡಾಕ್ಟರು ಪಕ್ಕದಲ್ಲಿದ್ದಾಗ ಮಾತ್ರ ಇಬ್ಬರಿಗೂ ಮುಜುಗರ. ಮನೆ ರಾಯಚೂರಿನಲ್ಲಿ, ಅವ್ವ, ಹೆಂಡತಿ, ನಾನು. ದಿನವೂ ಗಾಡಿಯ ಮೇಲೆ ಹೋಗಿ ಬರುತ್ತೇನೆ. ಬಸ್ಸಿಲ್ಲವೆಂದಲ್ಲ. ಆದರೆ ಮಾನ್ವಿಯಲ್ಲಿ ಬಸ್ಸಿಳಿದ ಮೇಲೆ ಯಾವುದೋ ಹಳ್ಳಿಯಿಂದ, ಎಮ್ಮೆ ಮಲಗಿದ್ದು ಏಳುತ್ತಿಲ್ಲ ಎಂದು ಫೋನ್ ಬಂದರೆ ಆ ಎಮ್ಮೆಯ ತನಕ ಯಾವ ಬಸ್ಸೂ ಹೋಗುವುದಿಲ್ಲ. ಗಾಡಿಯಿಲ್ಲದೆ ನನ್ನ ಕೆಲಸವಿಲ್ಲ. ಇದನ್ನು ಅವ್ವನಿಗೆ ಎಷ್ಟು ಸಲ ಹೇಳಿದ್ದೇನೋ, ಅಷ್ಟೂ ಸಲ ಅವಳು ಹೂಂ ಎಂದು ಬೇರೆ ಕಡೆ ನೋಡಿದ್ದಾಳೆ.

ಅವಳ ಅಂಜಿಕೆಗೆ ಕಾರಣವಿತ್ತು. ಹೋದ ಸುಗ್ಗಿಯಲ್ಲಿ ನಾನು ಬಿದ್ದಿದ್ದೆ. ದೇವದುರ್ಗಕ್ಕೆ, ಹೆಂಡತಿಯ ತವರಿಗೆ ಒಬ್ಬನೇ ಹೊರಟಿದ್ದೆ. ಗಬ್ಬೂರು ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಡಾಂಬರು ರಸ್ತೆ ಮಾಡಿಸಿದ್ದೇ ಭತ್ತ ಒಣಗಿಸಲು ಎಂಬುದು ನಮ್ಮ ಕಡೆಯ ತಿಳಿವಳಿಕೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಎದುರಿನಿಂದ ಲಾರಿ ಬಂತು, ಜಾಗ ಬಿಡಲು ಭತ್ತದ ಮೇಲೆ ಇಳಿದೆ, ಬ್ರೇಕ್ ಹಿಡಿದೆ, ಅಷ್ಟೇ. ಗಾಡಿ ಒಂದು ಕಡೆ, ನಾನೊಂದು ಕಡೆ. ಓಡಿ ಬಂದ ಭತ್ತದ ಒಡೆಯ ನನ್ನ ಮೊಣಕೈ ನೋಡಿ ಗಾಬರಿಯಾಗಿ, "ಈ ಕಡಿ ಬರ್ರಿ, ಈ ಕಡಿ ಬರ್ರಿ, ರಕ್ತ ಕಾಳಿಗೆ ಹತ್ತತದ" ಎಂದ. ಹೊಲಿಗೆ ಬಿದ್ದವು. ವಾರ ಕಳೆದ ಮೇಲೆ ನನಗೆ ಅದು ಎಲ್ಲರಿಗೂ ಹೇಳಿ ನಗುವ ಕತೆಯಾಯಿತು. ಅವ್ವನಿಗೆ ಆಗಲಿಲ್ಲ.

ಅವತ್ತಿನಿಂದ ಸಂಜೆಯಾದರೆ ಅವಳು ಕಟ್ಟೆಯ ಮೇಲೆ ಬಂದು ಕೂರುತ್ತಿದ್ದಳು. ಓಣಿಯ ತಿರುವಿನಲ್ಲಿ ನನ್ನ ಗಾಡಿಯ ಸದ್ದು ಕೇಳಿದರೆ ಎದ್ದು ಒಳಗೆ ಹೋಗುವಳು, ನನಗಾಗಿ ಕೂತಿರಲೇ ಇಲ್ಲ ಎನ್ನುವ ಹಾಗೆ. ಸ್ವಲ್ಪ ತಡವಾದರೆ ಹೆಂಡತಿ ಫೋನ್ ಮಾಡಿ, "ಎಲ್ಲಿದ್ದೀರಿ ಹೇಳ್ರಿ ಬೇಗ, ಅತ್ತಿ ಉಸಿರು ಬಿಡವಲ್ರು" ಎನ್ನುವಳು. ಗಾಡಿ ಓಡಿಸುತ್ತ ಫೋನ್ ಎತ್ತಬಾರದು ಎಂದು ಬೈಯುವವರೂ ಇವರೇ, ಎತ್ತದಿದ್ದರೆ ಬೈಯುವವರೂ ಇವರೇ.

ಅವ್ವ ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವಳು. ಅವಳ ತವರು ಮಟಮಾರಿಯಲ್ಲಿ ಈಗಲೂ ಕುರಿಗಳಿವೆ. ಎಳೆ ಮರಿಗೆ, ಹೊಸದಾಗಿ ತಂದ ಎತ್ತಿಗೆ, ದೃಷ್ಟಿಯಾಗಬಾರದೆಂದು ಮುಂಗಾಲಿಗೆ ಕರಿ ಉಣ್ಣೆಯ ದಾರ ಕಟ್ಟುವುದು ಅವರ ಮನೆಯ ಪದ್ಧತಿ. ಬಣ್ಣ ಹಾಕಿದ್ದಲ್ಲ, ಕರಿ ಕುರಿಯ ಉಣ್ಣೆಯನ್ನೇ ಕೈಯಲ್ಲಿ ಹೊಸೆದದ್ದು. ನಾನು ಬಿದ್ದ ಮುಂದಿನ ಅಮಾವಾಸ್ಯೆಯ ದಿನ, ಎಲ್ಲರಂತೆ ನಾನೂ ಗಾಡಿ ತೊಳೆದು ಗಾಲಿಯ ಕೆಳಗೆ ನಿಂಬೆಹಣ್ಣು ಇಡುವ ಹೊತ್ತಿಗೆ, ಅವಳು ಬಂದು ಗಾಡಿಯನ್ನು ಮುಂದೆ ಹಿಂದೆ ನೋಡಿದಳು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಆ ಎರಡು ಹೊಳೆಯುವ ಪೈಪುಗಳಿಗೆ, ಕೊಳವೆಯ ಬಾಯಿಯ ಮೇಲೆ, ಒಂದೊಂದು ದಾರ ಕಟ್ಟಿದಳು.

"ಹ್ಯಾಂಡಲ್ಲಿಗೆ ಕಟ್ಟವ್ವಾ, ಎಲ್ಲಾರೂ ಅಲ್ಲೇ ಕಟ್ತಾರ" ಎಂದೆ.

"ಹ್ಯಾಂಡಲ್ ಕೋಡು. ಕೋಡಿಗೆ ಕಟ್ಟಿದ್ರ ಚಂದ ಕಾಣ್ತದ, ಅಷ್ಟ. ಎಡವೋದು ಕಾಲು" ಎಂದಳು. "ಇವು ಇದರ ಮುಂಗಾಲು."

ಒಂದು ಕಟ್ಟಳೆಯನ್ನೂ ಹೇಳಿದಳು. ದಾರವನ್ನು ಕತ್ತರಿಸಬಾರದು, ಬಿಚ್ಚಬಾರದು. ತಾನಾಗಿಯೇ ಸವೆದು ಬೀಳಬೇಕು. ಹಾಗಾಗಿ ಪ್ರತಿ ಅಮಾವಾಸ್ಯೆಗೆ ಹಳೆಯದರ ಮೇಲೆ ಹೊಸದು ಸೇರುತ್ತ ಹೋಯಿತು. ಹಳೆಯದು ಬೀಳಲಿಲ್ಲ, ಏಕೆಂದರೆ ಅವ್ವ ಹೊಸೆದ ದಾರ ಅಷ್ಟು ಸುಲಭಕ್ಕೆ ಹರಿಯುವಂಥದ್ದಲ್ಲ.

ಕೆಲವು ತಿಂಗಳಿಗೆ ಶಾಕಪ್ಪು ಸೋರತೊಡಗಿತು. ಮೊದಲು ಬಲಗಡೆ ಒಂದು ತೆಳುವಾದ ಜಿಡ್ಡು, ಆಮೇಲೆ ಎರಡೂ ಕಡೆ ಧಾರೆ. ಎಣ್ಣೆ ಇಳಿದಿಳಿದು ಮುಂದಿನ ಬ್ರೇಕಿನ ಬಿಲ್ಲೆಗೆ ಹತ್ತಿತು. ಬ್ರೇಕ್ ಹಿಡಿದರೆ ಗಾಡಿ ಯೋಚನೆ ಮಾಡಿ ನಿಲ್ಲುತ್ತಿತ್ತು. ಹಂಪು ಬಂದರೆ ಠಣ್ ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿದು ಆ ಪೆಟ್ಟು ನೇರ ನನ್ನ ಹೊಲಿಗೆ ಬಿದ್ದ ಮೊಣಕೈಗೆ ಬರುತ್ತಿತ್ತು. ಮಾನ್ವಿಯ ಮಿಸ್ತ್ರಿಯ ಹತ್ತಿರ ಒಯ್ದೆ. ಒಳ್ಳೆಯ ಮನುಷ್ಯ, ಅವನ ಮೇಕೆಗೆ ನಾನು ಹೆರಿಗೆ ಮಾಡಿಸಿದ್ದೆ. ಪೈಪನ್ನು ಹೊರಗೆಳೆದಾಗ ಅವನು ದಾರದ ಕಂತೆಗಳನ್ನು ಬಳೆ ತೆಗೆದ ಹಾಗೆ ಮೇಲಿನಿಂದ ಜಾರಿಸಿ, ಕಣ್ಣಿಗೊತ್ತಿಕೊಂಡು, ಗಲ್ಲಾದ ಮೇಲೆ ಇಟ್ಟ. ಹೊಸ ಸೀಲು ಹಾಕಿದ. ಮತ್ತೆ ಅಷ್ಟೇ ಭಕ್ತಿಯಿಂದ ದಾರಗಳನ್ನು ಪೈಪಿಗೆ ಏರಿಸಿದ.

ಎರಡು ವಾರಕ್ಕೆ ಮತ್ತೆ ಸೋರಿತು. ಕೇಳಿದರೆ, "ಡಾಕ್ಟ್ರೇ, ಸೀಲು ಡೂಪ್ಲಿಕೇಟ್ ಬರಾಕತ್ತಾವ್ರಿ, ನಾ ಏನ್ ಮಾಡ್ಲಿ" ಎಂದ. ಅವನು ಏನೂ ಮಾಡುವ ಹಾಗಿರಲಿಲ್ಲ, ನಿಜ. ಆದರೆ ನನಗೆ ಸಿಟ್ಟು ಬಂತು. ಅಸಲಿ ಸೀಲನ್ನು ನಾನೇ ತಂದು ನಾನೇ ಹಾಕುತ್ತೇನೆ ಎಂದು ಆವೇಶದಲ್ಲಿ ಹೇಳಿಬಿಟ್ಟೆ. ಆ ವಾರ ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರದ ಅಂಗಡಿಯಲ್ಲಿ ಸೀಲು, ಎಣ್ಣೆ, ಎಲ್ ಕೀ ಎಲ್ಲ ಕೊಂಡೆ. ಭಾನುವಾರ ಬೆಳಗ್ಗೆ ಕಟ್ಟೆಯ ಮೇಲೆ ಗೋಣಿಚೀಲ ಹಾಸಿದೆ.

ಮೊದಲ ತಪ್ಪು ಮೊದಲ ಗಳಿಗೆಯಲ್ಲೇ ಆಯಿತು. ಪೈಪಿನ ತಲೆಯ ಮೇಲಿನ ಮುಚ್ಚಳವನ್ನು ಗಾಡಿಯಲ್ಲಿರುವಾಗಲೇ ಸಡಿಲಿಸಬೇಕಂತೆ. ನಾನು ಗಾಲಿ ಬಿಚ್ಚಿ, ಮಡ್‌ಗಾರ್ಡ್ ಬಿಚ್ಚಿ, ಬ್ರೇಕನ್ನು ಸುತಳಿಯಿಂದ ತೂಗುಹಾಕಿ, ಪೈಪನ್ನು ಕೆಳಗೆಳೆದು ಮಡಿಲಲ್ಲಿಟ್ಟುಕೊಂಡ ಮೇಲೆ ಅದು ನೆನಪಾಯಿತು. ಮುಚ್ಚಳ ತಿರುಗಿಸಿದರೆ ಪೈಪೇ ತಿರುಗುತ್ತದೆ. ಮತ್ತೆ ಗಾಡಿಗೆ ಏರಿಸಿ, ಬಿಗಿದು, ಸಡಿಲಿಸಿ, ಮತ್ತೆ ಇಳಿಸಿದೆ. ಕೊನೆಯ ಸುತ್ತಿನಲ್ಲಿ ಒಳಗಿನ ಸ್ಪ್ರಿಂಗು ಮುಚ್ಚಳವನ್ನು ಚಿಮ್ಮಿಸಿತು. ಅದು ತುಳಸಿಕಟ್ಟೆ ದಾಟಿ ಗಟಾರದ ಅಂಚಿನಲ್ಲಿ ಬಿತ್ತು. ಹೊರಗೆ ಬಂದ ಎಣ್ಣೆಯ ನಾತ ಆಸ್ಪತ್ರೆಯಲ್ಲಿ ಹಳೆಯ ಬಾವು ಕೊಯ್ದಾಗ ಬರುವಂಥದ್ದು. ನನಗೆ ರೂಢಿ ಇದೆ, ಹೆಂಡತಿಗಿಲ್ಲ. ಅವಳು ಮೂಗಿಗೆ ಸೆರಗು ಹಿಡಿದು ಒಳಗೆ ಹೋದಳು.

ಆದರೆ ಅವಳನ್ನು ಮತ್ತೆ ಕರೆಯಲೇಬೇಕಾಯಿತು. ಕೊಳವೆಯ ತಳದಲ್ಲಿ ಒಂದು ಬೋಲ್ಟು ಇರುತ್ತದೆ. ಅದನ್ನು ತಿರುಗಿಸಿದರೆ ಒಳಗಿನ ಸರಳೂ ಅದರ ಜೊತೆಗೇ ತಿರುಗುತ್ತದೆ. ಸಂಜೆಯ ತನಕ ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ. ವಿಡಿಯೊದವನ ಹತ್ತಿರ ಟರ್ರ್ ಎನ್ನುವ ಮಶೀನು ಇತ್ತು. ನಮ್ಮ ಮನೆಯಲ್ಲಿ ನೆಲ ಒರೆಸುವ ಕೋಲು ಇತ್ತು. ಅದರ ತುದಿಯನ್ನು ಹೆರೆದು, ಪೈಪಿನೊಳಗೆ ಇಳಿಸಿ, ಸರಳಿನ ತಲೆಗೆ ಬೆಣೆಯಂತೆ ಜಡಿದು, ಒಬ್ಬರು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ತಿರುಗಿಸಬೇಕು.

"ಒತ್ತು."

"ಒತ್ತಾಕತ್ತೀನಿ."

"ಇನ್ನೂ ಒತ್ತು."

"ನೀವು ಹಿಂಗ ಒದರಾಕತ್ತಿದ್ರ ಕೋಲು ಬಿಟ್ಟು ಹೋಗ್ತೀನಿ ನೋಡ್ರಿ. ಮನಿ ಒರಸೋ ಕೋಲು ಹೆರೆದು ಹಾಕೀರಿ, ಅದಕ್ಕಿನ್ನೂ ನಾ ಏನೂ ಅಂದಿಲ್ಲ."

ಬೋಲ್ಟು ಸಡಿಲಾಯಿತು. ಆಮೇಲಿನದು ಸರಾಗ. ಹಳೆಯ ಸೀಲನ್ನು ಕಿತ್ತು, ಹೊಸದನ್ನು ನಳದ ಪ್ಲಾಸ್ಟಿಕ್ ಪೈಪಿನ ತುಂಡಿನಿಂದ ಹದವಾಗಿ ಬಡಿದು ಕೂರಿಸಿದೆ. ಎಣ್ಣೆಯ ಅಳತೆಗೆ ಮಾತ್ರ ನನ್ನ ಹತ್ತಿರ ಯಾವ ಮಿಸ್ತ್ರಿಯ ಹತ್ತಿರವೂ ಇಲ್ಲದ ಸಾಧನವಿತ್ತು, ದನಗಳಿಗೆ ಚುಚ್ಚುವ ದೊಡ್ಡ ಸಿರಿಂಜು. ಔಷಧಿ ಅಂಗಡಿಯಿಂದ ಹೊಸದು ತಂದಿದ್ದೆ. ಎರಡು ಸಿರಿಂಜು ಹಾಕಿ ಮೂರನೆಯದಕ್ಕೆ ಎಳೆಯುವಾಗ ಫೋನ್ ಬಂತು.

ಮಟಮಾರಿಯ ಸೋದರಮಾವ. ಅವ್ವನ ತಮ್ಮ. ಅವನಿಗೆ ಹಾಲಿನ ಕ್ಯಾನು ಸಾಗಿಸಲು ಒಂದು ಗಾಡಿ ಬೇಕಿತ್ತು, ಮತ್ತು ಅವನ ಕಣ್ಣು ನನ್ನ ಗಾಡಿಯ ಮೇಲೆ ಬಿದ್ದಿತ್ತು.

"ಏನಲೇ ಅಳಿಯಾ, ಸೋರಾಕತ್ತದೋ, ನಿಂತದೋ?"

"ಮಾವಾ, ಅದನ್ನ ಮಾಡಾಕತ್ತೀನಿ. ಕೈಯೆಲ್ಲಾ ಎಣ್ಣಿ ಅದ, ಆಮ್ಯಾಲ ಮಾತಾಡೂಣು."

"ಸೋರಿದ್ರ ಸೋರ್ಲಿ ಬಿಡು. ನನಗ ಹಂಗ ನಡೀತದ. ನಾ ಏನು ಜೋರು ಹೊಡಿಯಾಂವ ಅಲ್ಲ."

ಅವನು ಕುರಿಗಳ ಕ್ಷೇಮ, ಮಳೆಯ ಲಕ್ಷಣ, ತನ್ನ ಹೊಟ್ಟೆನೋವು ಎಲ್ಲ ಹೇಳಿ ಮುಗಿಸಿದಾಗ ನಾನು ಎಷ್ಟು ಸಿರಿಂಜು ಹಾಕಿದ್ದೆನೆಂಬುದು ಮರೆತುಹೋಗಿತ್ತು. ಎಲ್ಲ ಎಣ್ಣೆಯನ್ನು ಹೊರಗೆ ಸುರಿದು ಮತ್ತೆ ಮೊದಲಿನಿಂದ ಅಳೆದೆ. ಅದರಲ್ಲಿ ಒಂದಿಷ್ಟು ಶಹಾಬಾದಿ ಬಂಡೆಯ ಮೇಲೂ ಬಿತ್ತು. ಆ ಕಲೆ ಈಗಲೂ ಇದೆ, ಮತ್ತು ಮನೆಗೆ ಬಂದ ನೆಂಟರಿಗೆಲ್ಲ ಹೆಂಡತಿ ಅದನ್ನು ತೋರಿಸುತ್ತಾಳೆ.

ಗಾಡಿ ಜೋಡಿಸುವಾಗ, ಕಟ್ಟೆಯ ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದ ದಾರದ ಕಂತೆಗಳನ್ನು ನಾನೇ ನನ್ನ ಕೈಯಾರೆ ಪೈಪುಗಳಿಗೆ ಏರಿಸಿದೆ. ಅವ್ವ ಬಾಗಿಲಿನಿಂದ ನೋಡುತ್ತಿದ್ದಳು. ಯಾವ ಕಂತೆ ಎಡದ್ದು, ಯಾವುದು ಬಲದ್ದು ಎಂದು ಕೇಳಿ ಸರಿಯಾಗಿ ಹಾಕಿದೆ. ಅಷ್ಟು ವಿಧೇಯ ಮಗ ನಾನು.

ಹತ್ತು ದಿನಕ್ಕೆ ಸೋರಿತು.

ಅವತ್ತಿನ ಸಿಟ್ಟು ನನಗೆ ಚೆನ್ನಾಗಿ ನೆನಪಿದೆ. ಸಿಟ್ಟು ಯಾರ ಮೇಲೆ ಎಂಬುದೇ ಗೊತ್ತಾಗದ ಸಿಟ್ಟು. ಸೀಲು ಅಸಲಿ, ಎಣ್ಣೆ ಅಸಲಿ, ಅಳತೆ ಸರಿ. ಮಾನ್ವಿಯಿಂದ ಬರುತ್ತ ದಾರಿಯುದ್ದಕ್ಕೂ ಗಾಡಿಯನ್ನು ಬಾಯಿಗೆ ಬಂದಂತೆ ಬೈದೆ. ಬೈಯಲು ಸಮಯವೂ ಬೇಕಾದಷ್ಟಿತ್ತು, ಏಕೆಂದರೆ ಆ ಬ್ರೇಕಿನ ಭರವಸೆಯಲ್ಲಿ ನಲವತ್ತರ ಮೇಲೆ ಓಡಿಸುವ ಧೈರ್ಯ ನನಗಿರಲಿಲ್ಲ. ಮನೆಗೆ ಬಂದಾಗ ಅವ್ವ ಕಟ್ಟೆಯಿಂದ ಎದ್ದು ಒಳಗೆ ಹೋಗಲಿಲ್ಲ. ಬಗ್ಗಿ ಮುಂದಿನ ಗಾಲಿ ನೋಡಿದಳು. ಎಣ್ಣೆಗೆ ಮಣ್ಣು ಮೆತ್ತಿಕೊಂಡು ಕಪ್ಪಾಗಿತ್ತು.

"ಸಾಕು ಯಪ್ಪಾ" ಎಂದಳು. "ಈ ಅಮಾಸಿಯೊಳಗ ಇದು ನೆಟ್ಟಗಾಗಲಿಲ್ಲಂದ್ರ ನನ್ನ ತಮ್ಮಗ ಕೊಟ್ಟುಬಿಡು. ನೀ ಬಸ್ಸಿಗೆ ಹೋಗು. ದಿನಾ ನಾ ಇಲ್ಲಿ ಕುಂತು ಸಾಯಾಕ ಆಗಂಗಿಲ್ಲ."

ಜಗಳವಾಡಬಹುದಿತ್ತು. ಎಮ್ಮೆ, ಹಳ್ಳಿ, ಬಸ್ಸು ಎಲ್ಲ ಮತ್ತೆ ಹೇಳಬಹುದಿತ್ತು. ಆದರೆ ಅವಳ ದನಿಯಲ್ಲಿ ಹಠವಿರಲಿಲ್ಲ, ದಣಿವಿತ್ತು. ಹೆಂಡತಿ ಕೂಡ ಸುಮ್ಮನಿದ್ದಳು. ಅವಳು ಸುಮ್ಮನಿದ್ದಾಳೆಂದರೆ ಅವಳ ಮತವೂ ಅತ್ತ ಕಡೆಗೇ ಬಿದ್ದಿದೆ ಎಂದರ್ಥ. ನಾನು ಹೂಂ ಎಂದೆ.

ಅಮಾವಾಸ್ಯೆಗೆ ಮುಂಚಿನ ಭಾನುವಾರ ಮತ್ತೆ ಗೋಣಿಚೀಲ ಹಾಸಿದೆ. ಈ ಸಲ ಮುಚ್ಚಳ ಮೊದಲೇ ಸಡಿಲಿಸಿದೆ, ಫೋನು ಒಳಗಿಟ್ಟೆ. ದಾರದ ಕಂತೆಗಳನ್ನು ಜಾರಿಸಿ ತೆಗೆದು ಗೂಡಿನಲ್ಲಿಟ್ಟೆ. ಪೈಪನ್ನು ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿದು ನೋಡಿದರೆ ಹೊಳೆಯುತ್ತಿದೆ, ಏನೂ ಕಾಣುವುದಿಲ್ಲ. ಬೆರಳಾಡಿಸಿದೆ. ಒಂದು ಕಡೆ ಏನೋ ತಡೆದಂತಾಯಿತು, ಆದರೆ ನನ್ನ ಬೆರಳುಗಳೇ ಒಡೆದು ಒರಟಾಗಿದ್ದವು, ನಂಬುವ ಹಾಗಿರಲಿಲ್ಲ. ದೇವರ ಮಾಡದಲ್ಲಿ ಅವ್ವ ಬತ್ತಿಗೆಂದು ಇಟ್ಟಿದ್ದ ಹತ್ತಿಯಲ್ಲಿ ಒಂದು ಚೂರು ತಂದು, ಪೈಪಿನ ಮೇಲೆ ಮೇಲಿನಿಂದ ಕೆಳಕ್ಕೆ ಸವರಿದೆ. ಸರ್ರನೆ ಜಾರಿತು. ಕೊಳವೆಯ ಬಾಯಿ ಬರುವಲ್ಲಿಗೆ ಮಾತ್ರ ಹತ್ತಿಯ ಎಳೆಗಳು ಸಿಕ್ಕಿಕೊಂಡು ನಿಂತವು. ಪೈಪು ತಿರುಗಿಸಿ ಸವರಿದೆ. ಅಲ್ಲಿಯೂ ಸಿಕ್ಕವು. ಸುತ್ತಲೂ, ಬಳೆಯ ಹಾಗೆ, ಕಣ್ಣಿಗೆ ಕಾಣದ ಗೀರುಗಳ ಒಂದು ಪಟ್ಟಿ. ಎರಡನೆಯ ಪೈಪಿನಲ್ಲೂ ಅದೇ ಜಾಗ.

ಆ ಜಾಗ ಯಾವುದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಎದ್ದು ಗೂಡಿನಿಂದ ಒಂದು ಕಂತೆ ತೆಗೆದು ಬೆರಳುಗಳ ನಡುವೆ ಹೊಸಕಿದೆ. ಎಣ್ಣೆ ಕುಡಿದ ಉಣ್ಣೆ. ಅದರ ತುಂಬ ಮರಳು, ಮಾನ್ವಿಯ ಕರಿಮಣ್ಣು, ರಸ್ತೆಯ ಪುಡಿಗಲ್ಲು. ಹೊಳೆಗಳು, ಕಾಲುವೆಗಳು, ಗದ್ದೆಗಳು, ಇಡೀ ಜಿಲ್ಲೆಯೇ ಅದರಲ್ಲಿತ್ತು. ಗಾಡಿ ಕುಣಿದಾಗಲೆಲ್ಲ ಕಂತೆ ಜಾರಿ ಸೀಲಿನ ಬಾಯಿಯ ಮೇಲೆ ಕೂತು ಆ ಮರಳಿನಿಂದ ಪೈಪನ್ನು ತಿಕ್ಕಿದೆ. ಗೀರು ಬಿದ್ದ ಪೈಪು ಸೀಲನ್ನು ತಿಂದಿದೆ. ಮಿಸ್ತ್ರಿ ಹೊಸ ಸೀಲು ಹಾಕಿ ಕಂತೆಯನ್ನು ವಾಪಸು ಏರಿಸಿದ. ನಾನು ಹೊಸ ಸೀಲು ಹಾಕಿ, ಎಡದ್ದು ಬಲದ್ದು ಕೇಳಿಕೊಂಡು, ವಾಪಸು ಏರಿಸಿದೆ.

ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ವಾರಕ್ಕೊಮ್ಮೆಯಾದರೂ ಆಸ್ಪತ್ರೆಗೆ ಯಾರೋ ಒಬ್ಬರು ಕುಂಟುವ ಮರಿಯನ್ನು ಹೆಗಲ ಮೇಲೆ ಹೊತ್ತು ತರುತ್ತಾರೆ. ಕಾಲಿಗೆ ಕಟ್ಟಿದ ದಾರ ಬಿಗಿದು, ಮಣ್ಣು ಸೇರಿ, ಚರ್ಮ ತಿಂದಿರುತ್ತದೆ. ನಾನು ಕತ್ತರಿ ಹಾಕಿ ಕತ್ತರಿಸಿ, ಗಾಯ ತೊಳೆದು, ತಂದವರಿಗೆ ಉಪದೇಶ ಮಾಡಿ ಕಳಿಸುತ್ತೇನೆ. ಆರು ತಿಂಗಳಿಂದ ಅದೇ ಗಾಯದ ಮೇಲೆ ನಾನು ದಿನವೂ ಎರಡು ಹೊತ್ತು ಸವಾರಿ ಮಾಡುತ್ತಿದ್ದೆ.

ಹೆಂಡತಿಯನ್ನು ಕರೆದು ಹತ್ತಿ ಸವರಿ ತೋರಿಸಿದೆ. ಅವಳು ನೋಡಿದಳು, ಕಂತೆಯನ್ನೂ ನೋಡಿದಳು. ನಗು ಬಂದಿತ್ತು, ತಡೆದುಕೊಂಡಳು.

"ಅತ್ತಿಗೆ ಯಾರು ಹೇಳೋರು?" ಎಂದಳು.

"ನೀ ಹೇಳು. ನಿನ್ನ ಮಾತು ಕೇಳ್ತಾಳ."

"ನಾ ಯಾಕ ಹೇಳ್ಲಿ? ಅವರು ಉಣ್ಣಿ ಹೊಸ್ಯಾಕ ಕುಂತಾಗ ಬಾಯಾಗ ದೇವರ ಹೆಸರು ಬಿಟ್ಟು ಬ್ಯಾರೆ ಮಾತು ಬರಂಗಿಲ್ಲ. ನಿಮ್ಮ ದಾರದಿಂದನ ನಿಮ್ಮ ಮಗನ ಬ್ರೇಕ್ ಹೋಗಿತ್ತು ಅಂತ ನಾ ಹೇಳಂಗಿಲ್ಲರೀ."

ಅವಳು ಹೇಳಿದ್ದು ಸರಿಯಾಗಿತ್ತು, ಅದೇ ತೊಂದರೆ. ಹೇಳದಿದ್ದರೆ ಅಮಾವಾಸ್ಯೆಗೆ ಹೊಸ ದಾರ ಬೀಳುತ್ತದೆ, ಶಾಕಪ್ಪು ಸೋರುತ್ತದೆ, ಗಾಡಿ ಮಟಮಾರಿಗೆ ಹೋಗುತ್ತದೆ. ಹೇಳಿದರೆ ಗಾಡಿ ಉಳಿಯುತ್ತದೆ. ಆದರೆ ಮಗ ಮನೆಗೆ ಬರಲಿ ಎಂದು ಕಟ್ಟಿದ ದಾರ ಮಗನನ್ನು ಬೀಳಿಸಲು ಹೊರಟಿತ್ತು ಎಂದು ಅವಳಿಗೆ ಗೊತ್ತಾಗುತ್ತದೆ. ಆ ಸಂಜೆ ಪೈಪುಗಳನ್ನು ನೀರು ಮತ್ತು ನಯವಾದ ಪಾಲಿಶ್ ಪೇಪರಿನಿಂದ ತಿಕ್ಕಿದೆ. ಹತ್ತಿ ಎಲ್ಲೂ ಸಿಕ್ಕದೆ ಜಾರುವ ತನಕ, ಭುಜ ಬಿದ್ದುಹೋಗುವ ತನಕ ತಿಕ್ಕಿದೆ. ಸೀಲು ಹಾಕಿದೆ, ಎಣ್ಣೆ ಅಳೆದೆ, ಜೋಡಿಸಿದೆ. ದಾರದ ಕಂತೆಗಳನ್ನು ಮಾತ್ರ ಏರಿಸಲಿಲ್ಲ. ಹಾಳೆಯಲ್ಲಿ ಸುತ್ತಿ ಗೂಡಿನಲ್ಲೇ ಇಟ್ಟೆ.

ಅಮಾವಾಸ್ಯೆಯ ಬೆಳಗ್ಗೆ ಗಾಡಿ ತೊಳೆದೆ. ಅವ್ವ ಅರಿಶಿನ, ಕುಂಕುಮ, ಹೊಸ ದಾರ ಹಿಡಿದು ಬಂದಳು. ಗಾಡಿಯ ಮುಂದೆ ಕೂತವಳೇ ಬರಿಯ ಪೈಪು ನೋಡಿ ನನ್ನ ಮುಖ ನೋಡಿದಳು.

"ಹಳೇವು ಎಲ್ಲಿ?"

"ಯವ್ವಾ, ಈ ಸಲ ಅಲ್ಲಿ ಕಟ್ಟಬ್ಯಾಡ" ಎಂದೆ.

ಹಾಳೆಯ ಪೊಟ್ಟಣ ಬಿಚ್ಚಿ ಅವಳ ಮುಂದಿಟ್ಟೆ. ಎಲ್ಲವನ್ನೂ ಹೇಳಿದೆ. ಮೆತ್ತಗೆ ಹೇಳಬೇಕೆಂದು ರಾತ್ರಿ ಎಷ್ಟೋ ಮಾತು ಜೋಡಿಸಿಕೊಂಡಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ಕುಂಟುವ ಮರಿಯ ಕಾಲಿನ ಮಾತನ್ನೂ ಹೇಳಿಬಿಟ್ಟೆ. ಅವಳು ಕಂತೆಯನ್ನು ಕೈಗೆ ತೆಗೆದುಕೊಂಡು ಬೆರಳಲ್ಲಿ ಹಿಸುಕಿದಳು. ಮರಳು ಅವಳ ಸೀರೆಯ ಮೇಲೆ ಉದುರಿತು.

"ಉಣ್ಣಿ ಅಲ್ಲೇನು, ಹಿಡಕೊಂತದ" ಎಂದಳು. ಅಷ್ಟೇ.

"ನೀ ಏನು ಬೇಕಂತ ಮಾಡಿಲ್ಲವ್ವಾ. ಮನಸಿಗೆ ಹಚಗೋಬ್ಯಾಡ."

ಅವಳು ಸೀರೆಯ ಮೇಲಿನ ಮರಳು ಕೊಡವಿದಳು. ಹೆಂಡತಿ ಬಾಗಿಲಲ್ಲಿ ನಿಂತು, ಹೇಳುವ ರೀತಿ ಇದೇನಾ ಎಂದು ಕಣ್ಣಲ್ಲೇ ನನ್ನನ್ನು ಬೈಯುತ್ತಿದ್ದಳು. ಅವ್ವ ಅಳುತ್ತಾಳೆ ಎಂದುಕೊಂಡೆ.

"ಒಂದು ಮಾತು ಹೇಳು" ಎಂದಳು ಅವ್ವ. "ಎಣ್ಣಿ ಸೋರಾಕ ಹತ್ತಿದ ಮ್ಯಾಲ ನೀ ಗಾಡಿ ಹ್ಯಾಂಗ ಹೊಡೀತಿದ್ದಿ?"

"ಹ್ಯಾಂಗ ಹೊಡೀಲಿ? ಬ್ರೇಕ್ ಹಿಡಿತಿದ್ದಿಲ್ಲ. ಹಗೂರಕ ಬರ್ತಿದ್ದೆ."

"ಮದಲ?"

"ಮದಲ ಜೋರ ಹೊಡೀತಿದ್ದೆ."

"ಮತ್ತ?" ಎಂದಳು.

"ಏನು ಮತ್ತ?"

"ನಾ ದಾರ ಕಟ್ಟಿದ್ದು ಎಣ್ಣಿ ಸೋರಬಾರದಂತಲ್ಲ, ನೀ ಬೀಳಬಾರದಂತ. ಎಣ್ಣಿ ಸೋರಿತು, ನೀ ಹಗೂರಕ ಬಂದಿ. ಹಗೂರಕ ಬಂದಿ, ಮನಿಗೆ ಬಂದಿ. ದಾರ ಇನ್ನೇನು ಮಾಡಬೇಕಿತ್ತು?"

ಆರು ತಿಂಗಳು, ಮೂರು ಜೊತೆ ಸೀಲು, ಭುಜದ ನೋವು, ಹೆರೆದು ಹಾಳಾದ ನೆಲ ಒರೆಸುವ ಕೋಲು, ಇವೆಲ್ಲಕ್ಕೂ ಅವಳ ಬಳಿ ಒಂದೇ ಉತ್ತರವಿತ್ತು, ಮತ್ತು ಅದರಲ್ಲಿ ಎಲ್ಲಿ ತಪ್ಪಿದೆ ಎಂದು ನನಗೆ ತೋರಿಸಲಾಗಲಿಲ್ಲ. ಇಂಥ ಹೆಂಗಸಿನ ಎದುರು ವಾದ ಮಾಡುವುದಕ್ಕಿಂತ ಆ ತಳದ ಬೋಲ್ಟು ಬಿಚ್ಚುವುದು ಸುಲಭ. ಹೆಂಡತಿ ಈ ಸಲ ನಗು ತಡೆಯಲಿಲ್ಲ.

ಅವ್ವ ನಗಲಿಲ್ಲ. ಹೊಸ ದಾರವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು, "ಈಗ ಪೂರಾ ನೆಟ್ಟಗಾಗ್ಯದಂತಿ?"

"ಪೂರಾ. ಬೆಣ್ಣಿ ಆಗ್ಯದ. ಬ್ರೇಕೂ ಹಿಡೀತದ."

"ಹಂಗಾರ ನನಗ ಈಗ ಖರೇ ಅಂಜಿಕಿ ಬರಾಕತ್ತದ" ಎಂದಳು.

ಆಮೇಲೆ ಎದ್ದು, ದಾರವನ್ನು ಕನ್ನಡಿಯ ಕಡ್ಡಿಗೆ ಕಟ್ಟಿದಳು. "ಕಾಲಿಗೆ ಬ್ಯಾಡಂದ್ರ ಕಿವಿಗೆ ಇರ್ಲಿ" ಎಂದು ಗೊಣಗುತ್ತ ಒಳಗೆ ಹೋದಳು. ಅಷ್ಟರಲ್ಲಿ ಮಾವನ ಫೋನ್ ಬಂತು. ಸೋರುವುದು ನಿಂತಿದೆ ಎಂದೆ. "ನಿಂತ್ತಾ?" ಎಂದವನ ದನಿ ಕೇಳಿದರೆ ಯಾರೋ ತೀರಿಕೊಂಡ ಸುದ್ದಿ ಹೇಳಿದ ಹಾಗಿತ್ತು.

ಮರುದಿನ ಮಾನ್ವಿಗೆ ಹೊರಟೆ. ಗಾಡಿ ಎಷ್ಟು ಚೆನ್ನಾಗಿ ಓಡಿತೆಂದರೆ ನಾನೇ ಮಾಡಿದ್ದು ಎಂದು ನಂಬಲಾಗಲಿಲ್ಲ. ಹಂಪುಗಳು ಇದ್ದದ್ದೇ ಗೊತ್ತಾಗಲಿಲ್ಲ. ಕಲ್ಲೂರು ದಾಟಿದ ಮೇಲೆ ರಸ್ತೆ ನೇರ, ಖಾಲಿ. ಇಷ್ಟು ದಿನ ಕಾದ ಮುಂಗೈ ಆಕ್ಸಿಲರೇಟರನ್ನು ತಾನಾಗಿಯೇ ತಿರುಗಿಸಲು ಹೊರಟಿತು. ತಿರುಗಿಸಲಿಲ್ಲ. ಅವ್ವನನ್ನು ಬೈದೆ, ಮಾವನನ್ನು ಬೈದೆ, ವಿಡಿಯೊದವನನ್ನು ಬೈದೆ. ಭತ್ತದ ಮೂಟೆ ತುಂಬಿದ ಟ್ರ್ಯಾಕ್ಟರು ಹಾರ್ನ್ ಹೊಡೆದು ನನ್ನನ್ನು ದಾಟಿ ಮುಂದೆ ಹೋಯಿತು. ಮೇಲೆ ಕೂತ ಹಮಾಲರು ನಕ್ಕರು. ಸಂಜೆ ಬರುವಾಗಲೂ ನಲವತ್ತು ದಾಟಲಿಲ್ಲ. ಇಷ್ಟಕ್ಕೆ ಅಷ್ಟೆಲ್ಲ ಮಾಡಬೇಕಿತ್ತೇ ಎಂದು ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು.

ಅವ್ವ ಕಟ್ಟೆಯ ಮೇಲಿದ್ದಳು.

"ಮಾನ್ವಿ ಎಷ್ಟಕ್ಕ ಬಿಟ್ಟಿ?" ಎಂದು ಕೇಳಿದಳು.

"ಐದಕ್ಕ."

ಒಳಗೆ ಬಗ್ಗಿ ಗೋಡೆಯ ಗಡಿಯಾರ ನೋಡಿದಳು. ಬೆರಳು ಮಡಚಿ, ದಾರಿಗೆ ಹಿಡಿದ ಹೊತ್ತು ಎಣಿಸಿದಳು. ಅವಳ ಮುಖ ಸಣ್ಣದಾಯಿತು.

"ಮತ್ತ ಸೋರಾಕತ್ತದೇನು?"

"ಇಲ್ಲವ್ವಾ."

ನಂಬಲಿಲ್ಲ. ಇಳಿದು ಬಂದು, ಮಂಡಿ ಹಿಡಿದುಕೊಂಡು ಬಗ್ಗಿ, ಎರಡೂ ಪೈಪುಗಳ ಮೇಲೆ ಬೆರಳಾಡಿಸಿ ನೋಡಿದಳು. ಬೆರಳು ಒಣಗಿತ್ತು. ಅದನ್ನು ಹೆಬ್ಬೆರಳಿಗೆ ತಿಕ್ಕಿ ಮತ್ತೊಮ್ಮೆ ನೋಡಿದಳು. ಬಗ್ಗಿದವಳು ಹಾಗೆಯೇ ತಲೆ ಎತ್ತಿ ನನ್ನನ್ನು ನೋಡಿದಳು, ನಾನು ಹೆಲ್ಮೆಟ್ಟಿನ ಪಟ್ಟಿಯ ಜೊತೆ ಗುದ್ದಾಡುವ ಹಾಗೆ ನಟಿಸಿದೆ. ಆಮೇಲೆ ಅವಳು ನನ್ನ ಹೆಗಲ ಮೇಲೆ ಕೈ ಊರಿ ಎದ್ದು, "ಕೈಕಾಲು ತೊಳಕೋ ಹೋಗು, ರೊಟ್ಟಿ ಬಿಸಿ ಅದಾವ" ಎಂದಳು.